ಉಜ್ಜನಪ್ಪನವರ ಧ್ವನಿಯಿಲ್ಲದ ಸವಾಲು

ಉಜ್ಜನಪ್ಪನವರ ಹೆಸರನ್ನು ಈ ಬರಹದಲ್ಲಿ ಮರೆಮಾಚಬೇಕೆಂದು ನಾನು ಮೊದಲು ಎಣಿಸಿದ್ದೆ. ಅವರೇ ಬೇಡವೆಂದರು.

“ಹೆಸರು ಹಾಕ್ರಿ ಶರಣ್ರೇ. ಹೆಸರು ಮುಚ್ಚಿಟ್ಟಿದ್ದಕ್ಕೇ ಇಷ್ಟೆಲ್ಲ ಆಗಿದ್ದು. ಮತ್ತೂ ಮುಚ್ಚಿಟ್ರೆ ನಾನೇನು ಕಲಿತಂಗಾತು?”

ಆದ್ದರಿಂದ ನಾನು ಹೇಳುವ ಸೋಮವಾರದ ಪ್ರವಚನಕ್ಕೆ ಬರುವ ಬಂಧುಗಳಿಗೂ, ಬರಲಾಗದೆ ಮನೆಯಲ್ಲಿಯೇ ಕುಳಿತು ಓದುವ ತಾಯಂದಿರಿಗೂ ಅವರ ಬಾಳಿನ ಈ ಭಾಗವನ್ನು ಅವರ ಅಪ್ಪಣೆಯಿಂದಲೇ ಒಪ್ಪಿಸುತ್ತಿದ್ದೇನೆ. ಕಣ್ಣು ಕಾಣದ ಹಿರಿಯರೊಬ್ಬರು ಆಸೆಪಟ್ಟ ಒಂದು ಹಳೆಯ ಕೈಗಡಿಯಾರ ಅವರ ಕೈಸೇರದೆ ಹೋದ ಕಥೆ ಇದು. ಸೇರದಂತೆ ಮಾಡಿದವರು ಅವರ ಪರಮ ಆಪ್ತರಾದ ಉಜ್ಜನಪ್ಪನವರೇ. ಅದೂ ಪರೋಪಕಾರ ಮಾಡುತ್ತಿದ್ದೇನೆಂಬ ಸಂತೋಷದಲ್ಲಿ.

ಉಜ್ಜನಪ್ಪನವರು ನಿಟ್ಟುವಳ್ಳಿಯವರು. ಮನೆತನ ವ್ಯಾಪಾರದ್ದು, ಆದರೆ ಅಂಗಡಿ ಅಣ್ಣಂದಿರ ಪಾಲಿಗೆ ಹೋಯಿತು, ಇವರ ಪಾಲಿಗೆ ಬಂದದ್ದು ಕಂಠವೊಂದೇ. ಆ ಕಂಠವನ್ನೇ ನಂಬಿ ದಾವಣಗೆರೆಯ ಎಪಿಎಂಸಿ ಅಂಗಳದಲ್ಲಿ, ಕಲ್ಲೇಶಪ್ಪನವರೆಂಬ ದಲಾಲರ ಅಂಗಡಿಯಲ್ಲಿ, ಸವಾಲು, ಎಂದರೆ ಹರಾಜು, ಕೂಗುವ ಕೆಲಸಕ್ಕೆ ಸೇರಿದರು. ಮೆಕ್ಕೆಜೋಳದ ರಾಶಿಗಳ ನಡುವೆ ನಿಂತು ಅವರು ಕೂಗಿದರೆ ರಸ್ತೆಯಾಚೆಯ ಚಹದಂಗಡಿಯವನು ಅಂದಿನ ಧಾರಣೆ ಹೇಳುತ್ತಿದ್ದನು. ಕೂಗುವ ಮೊದಲು ಮೊಳಕೈವರೆಗೆ ಕೈಯನ್ನು ರಾಶಿಯೊಳಗೆ ಇಳಿಸಿ, ತಳದ ಕಾಳನ್ನು ಹಿಡಿದೆತ್ತಿ, ಮೂಸಿ, ಒಂದೆರಡನ್ನು ಬಾಯಿಗೂ ಹಾಕಿಕೊಳ್ಳುತ್ತಿದ್ದರು. ರಾಶಿಯ ಒಡೆಯನಾದ ರೈತನ ಮುಖವನ್ನು ಒಮ್ಮೆ ನೋಡುತ್ತಿದ್ದರು. ಆಮೇಲೆಯೇ ಬಾಯಿ ತೆರೆಯುವುದು.

ಅವರ ಅಂಗಡಿಯಲ್ಲಿ ಒಂದು ವಿಚಿತ್ರವಾದ ರೂಢಿಯಿತ್ತು. ಮೋಡ ಮುಚ್ಚಿದ ದಿನ, ಮಾಲು ಕೊಂಚ ತೇವವಾಗಿದೆಯೆಂಬ ನೆಪ ಸಿಕ್ಕಿದರೆ ಸಾಕು, ಖರೀದಿದಾರರು ಒಂದು ಕಡಿಮೆ ಬೆಲೆ ಕೇಳಿ, ಒಬ್ಬರ ಮುಖ ಒಬ್ಬರು ನೋಡಿಕೊಂಡು ತುಟಿ ಬಿಗಿಯುತ್ತಿದ್ದರು. ಆಗ ಉಜ್ಜನಪ್ಪನವರು ಯಾರೂ ಕೇಳದ ಬೆಲೆಯೊಂದನ್ನು ತಾವೇ ಕೂಗಿಬಿಡುವರು.

“ಯಾರ ಕೂಗೋ ಅದು ಉಜ್ಜಣ್ಣ? ಆ ಬೆಲೆಗೆ ಇಲ್ಲಿ ಯಾರೂ ಬಾಯಿ ಬಿಟ್ಟಿಲ್ಲ!” ಎಂದು ಖರೀದಿದಾರರು ಛೇಡಿಸುವರು.

“ಆ ಬೇವಿನ ಗಿಡದ ಮ್ಯಾಲೆ ಕೂತೈತಲ್ಲ, ಆ ಕಾಗೇದು ಕಣ್ರಿ! ಕಾಗೆಗಿರೋ ದೊಡ್ಡ ಮನಸ್ಸು ನಿಮಗಿಲ್ವಲ್ಲ, ಥೂ!”

ಎಲ್ಲರೂ ನಗುವರು. ನಕ್ಕ ಮೇಲೆ ಬಿಗಿದ ತುಟಿ ತಾನಾಗಿ ಸಡಿಲುವುದು. ಯಾರೋ ಒಬ್ಬರು ಕಾಗೆಯ ಬೆಲೆಯನ್ನು ಮೀರಿ ಒಂದು ಕೂಗು ಹಾಕುವರು. ಯಾರೂ ಮೀರದಿದ್ದರೆ ಬೆಲೆಯನ್ನು ಮೂರನೆಯ ಸಾರಿ ಹೇಳಿ ಸವಾಲು ಮುಗಿಸುವ ಮೊದಲು ಉಜ್ಜನಪ್ಪನವರು ಚಪ್ಪಾಳೆ ತಟ್ಟಿ, “ಕಾಗೆ ಹಾರಿತ್ರಪ್ಪೋ!” ಎನ್ನುವರು. ರಾಶಿ ಅದಕ್ಕೂ ಹಿಂದೆ ಕೇಳಿದವರಿಗೆ ಅವರು ಕೇಳಿದ ಬೆಲೆಗೇ ಹೋಗುವುದು. ಕೊಳ್ಳುವವನಿಗೂ ಗೊತ್ತು, ಮಾರುವವನಿಗೂ ಗೊತ್ತು. ಕಾಗೆಯ ಕೂಗು ಎಲ್ಲರ ಎದುರಿಗೇ ನಡೆಯುವ ಆಟ. ಅದರಿಂದ ನೊಂದವರನ್ನು ನಾನು ಕಂಡಿಲ್ಲ.

ಕಾಲ ಬದಲಾಯಿತು. ಅಂಗಳಕ್ಕೆ ಕಂಪ್ಯೂಟರಿನ ಟೆಂಡರ್ ಬಂದಿತು. ಖರೀದಿದಾರರು ಬೆಲೆಯನ್ನು ಬಾಯಲ್ಲಿ ಹೇಳದೆ ಒತ್ತಿ ಕಳುಹಿಸುವಂತಾಯಿತು. ಉಜ್ಜನಪ್ಪನವರು ಕೆಲವು ಕಾಲ ಅಂಗಡಿಯಲ್ಲಿ ಚೀಲ ಲೆಕ್ಕ ನೋಡಿಕೊಂಡಿದ್ದು, ಬಳಿಕ ಮನೆಯಲ್ಲಿ ಕುಳಿತರು. ದೇವರು ಒಬ್ಬ ಮನುಷ್ಯನಿಗೆ ಒಂದೇ ವರವನ್ನು ಕೊಟ್ಟು, ಆ ವರ ಯಾರಿಗೂ ಬೇಡವಾದ ಮೇಲೂ ಅವನನ್ನು ಬಾಳಿಸಿದರೆ, ಆ ಬಾಳು ಬಹಳ ಉದ್ದ. ಅವರ ಹೆಂಡತಿ ಶಕುಂತಲಮ್ಮನವರು ನನ್ನೊಡನೆ, “ಸೊಪ್ಪು ಮಾರೋಳು ಬಂದ್ರೂ ಇವರೇ ಜಗಲಿ ಮ್ಯಾಲೆ ನಿಂತು ಅವಳ ಪರವಾಗಿ ಕೂಗ್ತಾರ್ರಿ. ಓಣಿಯವರೆಲ್ಲ ಬಾಗಿಲು ಹಾಕ್ಕೊಂತಾರೆ,” ಎಂದು ನಗುತ್ತಲೇ ಸಂಕಟ ತೋಡಿಕೊಂಡಿದ್ದುಂಟು.

ಇಂಥ ಹೊತ್ತಿನಲ್ಲಿ ಅವರ ತಂಗಿಯ ಮಗ ರುದ್ರಮುನಿ ಹರಿಹರದಿಂದ ಬಂದನು. ಅಲ್ಲಿ ಅವನಿಗೆ ಗಡಿಯಾರದ ಅಂಗಡಿ. ಹೊಸ ಗಡಿಯಾರ ಕೊಳ್ಳುವವರು ಕಡಿಮೆಯಾದ ಮೇಲೆ ಅವನು ಹಳೆಯವನ್ನು ಹುಡುಕಿ ತಂದು, ತೊಳೆದು, ಕೀಲಿ ಕೊಟ್ಟು ನಡೆಸಿ, ಇಂಟರ್ನೆಟ್ಟಿನ ಹರಾಜು ತಾಣವೊಂದರಲ್ಲಿ ಮಾರುತ್ತಿದ್ದನು. ನಮ್ಮ ಅಜ್ಜಂದಿರು ಕಟ್ಟಿಕೊಂಡು ಸವೆಸಿದ ಗಡಿಯಾರಗಳಿಗೆ ಇಂದು ಮುಂಬಯಿ, ಪುಣೆಗಳಲ್ಲಿ ಸಂಗ್ರಹಕಾರರಿದ್ದಾರಂತೆ.

“ಮಾವ, ನೀವು ಪೇಟ್ಯಾಗೆ ಕಾಗೆ ಕೂಗು ಕೂಗ್ತಿದ್ರಲ್ಲ, ಅದನ್ನೇ ಫೋನಾಗೆ ಕೂಗ್ಬೇಕು,” ಎಂದನು ರುದ್ರಮುನಿ. “ಗಿರಾಕಿಗಳು ಬಾಯಿ ಬಿಗಿ ಹಿಡಿತಾರೆ. ಒಬ್ರು ಎಬ್ಬಿಸೋರು ಬೇಕು.”

“ನನ್ನ ಕೂಗು ಅವರಿಗೆಲ್ಲಿ ಕೇಳಿಸ್ತದೋ?”

“ಕೂಗೋದಲ್ಲ ಮಾವ, ಒತ್ತೋದು. ಬೆರಳು ಇಟ್ರೆ ಆತು.”

“ಅದು ಮೋಸ ಅಲ್ಲೇನೋ?”

“ನೀವು ಪೇಟ್ಯಾಗೆ ಮಾಡಿದ್ದು ಮೋಸನಾ? ಯಾರ್ಯಾರೋ ಮುದುಕ್ರು, ಗಂಡ ತೀರಿಕೊಂಡೋರು, ಕಷ್ಟಕ್ಕೆ ಗಡಿಯಾರ ತಂದು ಕೊಡ್ತಾರೆ. ನಿಮ್ಮಿಂದ ಅವರಿಗೆ ನಾಕು ಕಾಸು ಹೆಚ್ಚು ಸಿಗ್ತದೆ.”

ಕಷ್ಟದಲ್ಲಿರುವವರ ಮಾತು ಕೇಳಿದ ಮೇಲೆ ಉಜ್ಜನಪ್ಪನವರಿಗೆ ಬೇರೆ ಕಾರಣ ಬೇಕಿರಲಿಲ್ಲ. ರುದ್ರಮುನಿ ಅವರ ಫೋನಿನಲ್ಲಿ ‘ವಿಂಟೇಜ್ ಕಿಂಗ್’ ಎಂಬ ಹೆಸರಿನಿಂದ ಖಾತೆ ತೆರೆದುಕೊಟ್ಟನು. ಆ ತಾಣದಲ್ಲಿ ಕೂಗುವವರ ಪೂರ್ಣ ಹೆಸರು ಯಾರಿಗೂ ಕಾಣಿಸದು. ಒಂದೆರಡು ಅಕ್ಷರ, ನಡುವೆ ಚುಕ್ಕೆ. ಸಂಜೆ ಜಗಲಿಯ ಮೇಲೆ ಕುಳಿತು, ಹರಿಹರದಿಂದ ತಿಳಿಸಿದ ಗಡಿಯಾರದ ನಂಬರಿನ ಮೇಲೆ ಬೆರಳಿಡುತ್ತ, ಬೆಲೆ ಏರಿದಂತೆಲ್ಲ ತೊಡೆ ತಟ್ಟಿಕೊಂಡು ಆನಂದಪಡುತ್ತಿದ್ದರು. ಅದಕ್ಕಾಗಿ ಅಳಿಯನಿಂದ ಒಂದು ಲೋಟ ಚಹವನ್ನೂ ಅವರು ಬಯಸಲಿಲ್ಲ. ತಮ್ಮ ಕೂಗು ಮತ್ತೆ ಯಾರಿಗೋ ಬೇಕಾಯಿತೆಂಬುದೇ ಅವರಿಗೆ ಬೇಕಾದಷ್ಟಾಗಿತ್ತು.

ಈಗ ಕೆಂಚವೀರಪ್ಪನವರನ್ನು ಪರಿಚಯಿಸಬೇಕು. ನಮ್ಮ ಪ್ರವಚನಕ್ಕೆ ಬರುವವರಿಗೆ ಅವರು ಗೊತ್ತು. ಬಾಲ್ಯದ ಜ್ವರದಲ್ಲಿ ಕಣ್ಣು ಕಳೆದುಕೊಂಡವರು. ರೈತರ ಮನೆಯಲ್ಲಿ ಹುಟ್ಟಿ, ಕಣ್ಣಿಲ್ಲದವರ ಶಾಲೆಯಲ್ಲಿ ಬೆತ್ತದ ಕುರ್ಚಿ ಹೆಣೆಯಲು ಕಲಿತು, ಎಂ.ಸಿ.ಸಿ. ಬಡಾವಣೆಯ ದವಾಖಾನೆಗಳ, ಶಾಲೆಗಳ ಕುರ್ಚಿಗಳನ್ನು ಹೆಣೆದುಕೊಟ್ಟು ಸಂಸಾರ ಸಾಗಿಸಿದವರು. ಆ ಬಡಾವಣೆಯಲ್ಲಿ ಡಾಕ್ಟರಿಗಾಗಿ ಕಾದು ಕುಳಿತ ನಮ್ಮಲ್ಲಿ ಅನೇಕರು ಅವರ ಕೈಕೆಲಸದ ಮೇಲೆಯೇ ಕುಳಿತಿದ್ದೇವೆ.

ಅವರ ಬಳಿ ಕಣ್ಣಿಲ್ಲದವರಿಗೆಂದೇ ಮಾಡಿದ ಎಚ್‌ಎಂಟಿ ಗಡಿಯಾರವಿತ್ತು. ಅದರ ಗಾಜು ಪುಟ್ಟ ಮುಚ್ಚಳದಂತೆ ತೆರೆಯುತ್ತದೆ. ಉಬ್ಬಿದ ಚುಕ್ಕೆಗಳನ್ನೂ ಮುಳ್ಳುಗಳನ್ನೂ ಬೆರಳ ತುದಿಯಿಂದ ಮುಟ್ಟಿ ಹೊತ್ತು ತಿಳಿಯಬಹುದು. ಪ್ರವಚನದ ಭರದಲ್ಲಿ ನನಗೆ ಹೊತ್ತಿನ ಪರಿವೆಯಿರುವುದಿಲ್ಲ. ಕೆಂಚವೀರಪ್ಪನವರು ಪಕ್ಕದಲ್ಲಿ ಕುಳಿತು ಗಡಿಯಾರ ಮುಟ್ಟಿ ನೋಡಿ, ಹೊತ್ತಾಯಿತೆಂದರೆ ನನ್ನ ಮೊಳಕೈಯನ್ನು ಮೆಲ್ಲಗೆ ತಿವಿಯುವರು. ಸಭೆಯ ಹಿಂದಿನ ಸಾಲಿನವರು ಆ ತಿವಿತಕ್ಕೆ ಕಾದಿರುತ್ತಿದ್ದರೆಂದು ನನಗೂ ಗೊತ್ತಿತ್ತು.

ಉಜ್ಜನಪ್ಪನವರಿಗೂ ಅವರಿಗೂ ಯೌವನದಿಂದಲೂ ಸ್ನೇಹ. ಕೆಂಚವೀರಪ್ಪನವರು ಸಂತೆಯ ಗದ್ದಲದಲ್ಲಿಯೂ ಉಜ್ಜನಪ್ಪನವರ ಧ್ವನಿಯನ್ನು ಹಿಡಿದು ಕೋಲೂರಿಕೊಂಡು ನೇರವಾಗಿ ಅವರಿದ್ದಲ್ಲಿಗೆ ಬರುತ್ತಿದ್ದರು. “ನೀ ಬಾಯಿ ಮುಚ್ಚಿದ್ರೆ ನನಗೆ ದಾರೀನೇ ಇಲ್ಲ ನೋಡು,” ಎಂದು ತಮಾಷೆ ಮಾಡುತ್ತಿದ್ದರು.

ಕಳೆದ ವರ್ಷ ಆ ಗಡಿಯಾರ ಕೆಟ್ಟಿತು. ಒಳಗಿನ ಬಿಡಿಭಾಗ ಎಲ್ಲಿಯೂ ದೊರೆಯಲಿಲ್ಲ. ಅವರು ಯಾರಿಗೂ ಹೇಳಲಿಲ್ಲ. ನಿಂತ ಗಡಿಯಾರವನ್ನೇ ಕಟ್ಟಿಕೊಂಡು ಬರುತ್ತಿದ್ದರು, ಅಂದಾಜಿನ ಮೇಲೆ ನನ್ನನ್ನು ತಿವಿಯುತ್ತಿದ್ದರು. ಹೇಳಿದರೆ ಭಕ್ತರು ಕೂಡಿ ಹೊಸದೇನನ್ನಾದರೂ ತಂದುಕೊಟ್ಟಾರು, ಕಾಣಿಕೆಯ ವಸ್ತು ಕೈಯಲ್ಲಿ ಕುಳಿತುಬಿಟ್ಟೀತು ಎಂಬ ಭಯ ಅವರಿಗೆ. ಬಾಳಿಡೀ ಯಾರ ಕರುಣೆಗೂ ಕೈಯೊಡ್ಡದ ಮನುಷ್ಯ. ಮಾತಾಡುವ ಫೋನು ಮನೆಯಲ್ಲಿತ್ತು, ಹೊತ್ತು ಕೇಳಿದರೆ ಹೇಳುತ್ತಿತ್ತು. ಆದರೆ ಮುಂಜಾನೆಯ ಜಪದಲ್ಲಿ ಕುಳಿತವರಿಗೆ, ಭಗವಂತನ ನಾಮದ ನಡುವೆ ಒಂದು ಯಂತ್ರ ಬಾಯಿ ಹಾಕುವುದು ಸಹಿಸಲಾಗದು. ಬಂಧುಗಳೇ, ಮೌನದಲ್ಲಿ ಹೊತ್ತನ್ನು ಅರಿಯುವ ಭಾಗ್ಯ ಕಣ್ಣಿರುವ ನಮಗೆ ಎಷ್ಟು ಸುಲಭವಾಗಿ ಸಿಕ್ಕಿದೆ! ಗೋಡೆಯತ್ತ ನೋಡಿದರಾಯಿತು. ಅವರಿಗೆ ಅದು ಆ ಒಂದು ಗಡಿಯಾರದಲ್ಲಿ ಮಾತ್ರ ಇತ್ತು.

ಅವರ ಮಗಳು ಚೈತ್ರಾ ವಿದ್ಯಾನಗರದ ಕಾಲೇಜೊಂದರಲ್ಲಿ ಕೆಲಸ ಮಾಡುವವಳು. ತಂದೆಯ ಮನಸ್ಸನ್ನು ಅರಿತು ಇಂಟರ್ನೆಟ್ಟಿನಲ್ಲಿ ಹುಡುಕಿ, ಅಂಥದೇ ಗಡಿಯಾರವೊಂದು ಹರಾಜಿಗಿರುವುದನ್ನು ಕಂಡಳು. ಅದು ಹರಿಹರದ ರುದ್ರಮುನಿ ಇಟ್ಟದ್ದು. ಕೂಗುವವರ ಹೆಸರಿನಂತೆ ಮಾರುವವನ ಹೆಸರೂ ಅಲ್ಲಿ ಬೇರೆಯೇ ಇದ್ದಿತು.

“ನಾನೇ ಕೂಗ್ತೀನಿ. ನನ್ನ ದುಡಿಮೆ, ನನ್ನ ಬೆರಳು,” ಎಂದರು ಕೆಂಚವೀರಪ್ಪನವರು. ಮಗಳು ಫೋನನ್ನು ಅಣಿ ಮಾಡಿಕೊಟ್ಟಳು.

ಒಂದು ಭಾನುವಾರದ ಸಂಜೆ, ನಿಟ್ಟುವಳ್ಳಿಯ ಎರಡು ಓಣಿಗಳಲ್ಲಿ, ಇಬ್ಬರು ಗೆಳೆಯರು ಒಬ್ಬರಿಗೊಬ್ಬರು ಅರಿಯದೆ ಒಂದೇ ಗಡಿಯಾರದ ಮೇಲೆ ಬೆರಳಿಟ್ಟು ಕುಳಿತರು. ಇಬ್ಬರ ಬಾಯಿಂದಲೂ ಇದನ್ನು ಕೇಳಿದ್ದರಿಂದ ಹೀಗೆ ಬರೆಯಬಲ್ಲೆ.

ಹರಿಹರದಿಂದ ಉಜ್ಜನಪ್ಪನವರಿಗೆ ಸಂದೇಶ ಬಂದಿತ್ತು: “ಮೂವತ್ತೆರಡನೇ ನಂಬರ್. ಒಬ್ಬನೇ ಗಿರಾಕಿ, ಬಿಡೋ ಹಂಗೆ ಕಾಣಲ್ಲ. ಏರಿಸ್ರಿ.”

ಅದೆಂಥ ಗಡಿಯಾರವೆಂದು ಅವರು ನೋಡಲಿಲ್ಲ. ಚಿತ್ರ ಉಗುರಿನಷ್ಟಿತ್ತು, ವಿವರ ಇಂಗ್ಲಿಷಿನಲ್ಲಿತ್ತು. ಕೈ ಇಳಿಸಲು ಅಲ್ಲಿ ರಾಶಿಯಿರಲಿಲ್ಲ, ನೋಡಲು ಮುಖವಿರಲಿಲ್ಲ. ನಂಬರಿದ್ದುದರಿಂದ ಬೆರಳಿಟ್ಟರು. ಕೂಡಲೇ ಆಚೆಯವರು ಏರಿಸಿದರು. ಇವರು ಮತ್ತೆ ನೂರು ಏರಿಸಿದರು.

“ಗಟ್ಟಿ ಕುಳ ಕಣೇ ಇವನು! ಬಿಡ್ತಾನೇ ಇಲ್ಲ!” ಎಂದು ಹೆಂಡತಿಗೆ ಕೂಗಿ ಹೇಳಿದರು.

“ಎಂಥ ಗಡಿಯಾರನ್ರಿ ಅದು, ಅಷ್ಟು ಹೊಡೆದಾಡೋಕೆ?”

“ಮೂವತ್ತೆರಡನೇ ನಂಬರಿಂದು.”

“ನಂಬರ್ ಇದ್ರೆ ಸಾಕೇನು, ಮುಳ್ಳು ಬ್ಯಾಡ್ವಾ?” ಎಂದು ಶಕುಂತಲಮ್ಮನವರು ಅಡುಗೆಮನೆಯಿಂದ ನಕ್ಕರು.

ಒಂದು ಹಂತದಲ್ಲಿ ಆಚೆಯವರು ನಿಂತರು. ಉಜ್ಜನಪ್ಪನವರು ಫೋನು ಬೆಲೆಯನ್ನು ಮೂರು ಸಾರಿ ಹೇಳೀತೆಂದು ಕಾದರು. ಎರಡನೆಯ ಸಾರಿಯಾದ ಮೇಲೆ ಕಾಗೆ ಹಾರಿಸಿದರಾಯಿತು, ಗಡಿಯಾರ ಆ ಗಟ್ಟಿ ಕುಳಕ್ಕೇ ಅವನ ಬೆಲೆಗೆ ಹೋಗುತ್ತದೆ ಎಂದೇ ಅವರ ಎಣಿಕೆ. ಎಪಿಎಂಸಿ ಅಂಗಳದಲ್ಲಿ ಬಾಳು ಸವೆಸಿದವರಿಗೆ ಬೇರೆ ಹೇಗೆ ಹೊಳೆದೀತು? ಅಲ್ಲಿ ಮೂರು ಸಾರಿ ಹೇಳುವವರು ಯಾರೂ ಇರಲಿಲ್ಲ. ಹೊತ್ತು ಮುಗಿಯಿತು, ಬಣ್ಣದ ಕಾಗದಗಳು ಉದುರುವ ಚಿತ್ರ ಬಂದು, ನೀವು ಗೆದ್ದಿರಿ ಎಂದು ಫೋನು ಅಭಿನಂದಿಸಿತು. ಅವರು ನಕ್ಕು, ಅಳಿಯನಿಗೆ ಫೋನು ಮಾಡಿ, “ಲೇ, ಕಾಗೆ ಹಾರಲೇ ಇಲ್ಲ ನೋಡು! ಹಿಂದೆ ಕೇಳಿದೋನಿಗೆ ಕೊಟ್ಟುಬಿಡು,” ಎಂದರು. “ಕೊಡ್ತೀನಿ ಬಿಡ್ರಿ,” ಎಂದನು ರುದ್ರಮುನಿ. ಆ ಮಾತನ್ನು ಅವರು ಅಲ್ಲಿಗೇ ಮರೆತರು.

ಮುಂದಿನ ವಾರದ ಪ್ರವಚನ ಮುಗಿದು ಪ್ರಸಾದ ಹಂಚುತ್ತಿದ್ದ ಹೊತ್ತು. ಅಂದು ನಾನು ಬಹಳ ಹೊತ್ತು ಮಾತಾಡಿದ್ದೆ.

“ಯಾಕ ಕೆಂಚಣ್ಣ, ಇವತ್ತು ಶರಣ್ರನ್ನ ತಿವೀಲೇ ಇಲ್ಲ? ನಮಗೆ ಕಾಲು ಜೋಮು ಹಿಡಿದೋದ್ವು!” ಎಂದು ಉಜ್ಜನಪ್ಪನವರು ಕೀಟಲೆ ಮಾಡಿದರು.

“ಗಡಿಯಾರ ಸತ್ತು ಬಾಳ ದಿನ ಆತು ತಮ್ಮ,” ಎಂದರು ಕೆಂಚವೀರಪ್ಪನವರು. “ಹೇಳಬಾರ್ದು ಅಂತಿದ್ದೆ. ಮೊನ್ನೆ ಒಂದು ಸಿಗೋದ್ರಾಗಿತ್ತು, ಫೋನಿನ ಹರಾಜಿನಾಗೆ. ಕಳ್ಳ ಕೂಗಿನೋನು ಒಬ್ಬ ಕೆಡಿಸಿದ.”

“ಹೆಂಗೆ?”

“ನಾ ಕೂಗಿದ ಕೂಡ್ಲೇ ಅವನೂ ಕೂಗೋನು. ನೂರರ ಮ್ಯಾಲೆ ನೂರು, ಒಂದೇ ಅಳತೆ. ನಮ್ಮ ಫೋನು ಓದಿ ಹೇಳ್ತದಲ್ಲ, ಕೇಳ್ತಾ ಕುಂತಿದ್ದೆ. ಆಸೆ ಇರೋನು ಹಂಗೆ ಕೂಗಲ್ಲ ಉಜ್ಜಪ್ಪ. ಆಸೆ ಇರೋನು ತಡವರಿಸ್ತಾನೆ. ಕೈ ಹಿಂದಕ್ಕೆ ಎಳ್ಕೊಂಡು ಮತ್ತೆ ಮುಂದೆ ಇಡ್ತಾನೆ. ಇವನಿಗೆ ಆ ಗಡಿಯಾರ ಬೇಕೇ ಇರಲಿಲ್ಲ.”

“ಆಮ್ಯಾಲೆ?”

“ಮರುದಿನ ಮಾರೋನೇ ಹೇಳಿ ಕಳಿಸ್ದ. ಗೆದ್ದೋನು ಒಲ್ಲೆ ಅಂದ, ನೀನೇ ತಗೋ ಅಂತ. ಅಲ್ಲಿಗೆ ಖಾತ್ರಿ ಆತು. ನಾನೂ ಒಲ್ಲೆ ಅಂದೆ. ಮೂವತ್ತೆರಡನೇ ನಂಬರಂತೆ. ಜಪಕ್ಕೆ ಕುಂತಾಗ ಮುಟ್ಟೋ ವಸ್ತು ಅದು. ಸುಳ್ಳಿನಾಗೆ ಬಂದಿದ್ದು ಹೆಂಗೆ ಮುಟ್ಲಿ?”

ನಂಬರು ಕೇಳಿದಾಗ ಉಜ್ಜನಪ್ಪನವರ ಕೈಯಲ್ಲಿದ್ದ ಪ್ರಸಾದದ ಎಲೆ ಹಾಗೆಯೇ ನಿಂತಿತು. ಅವರ ಮುಖವನ್ನು ನಾನು ಕಂಡೆ, ಕೆಂಚವೀರಪ್ಪನವರು ಕಾಣಲಿಲ್ಲ. ಉಜ್ಜನಪ್ಪನವರು ಎದ್ದು ಹೊರಗೆ ಹೋದರು. “ಎಲ್ಲಿಗೆ ಹೋದ ಇವನು?” ಎಂದು ಕೆಂಚವೀರಪ್ಪನವರು ಆಚೀಚೆ ಕಿವಿಯೊಡ್ಡಿದರು.

ಮರುದಿನ ಬೆಳಗ್ಗೆ ಉಜ್ಜನಪ್ಪನವರು ನನ್ನ ಮನೆಗೆ ಬಂದು ಎಲ್ಲವನ್ನೂ ಹೇಳಿ, ಹರಿಹರಕ್ಕೆ ಜೊತೆಗೆ ಬರಬೇಕೆಂದು ಬೇಡಿದರು. ಇಬ್ಬರೂ ಬಸ್ಸು ಹಿಡಿದೆವು. ದಾರಿಯುದ್ದಕ್ಕೂ ಅವರದು ಒಂದೇ ಮಾತು: “ಗಡಿಯಾರ ಅಲ್ಲೇ ಇರ್ಲಿ, ದೇವ್ರೇ, ಅಲ್ಲೇ ಇರ್ಲಿ.” ಹರಿಹರದಲ್ಲಿ ಇಳಿದಾಗ ಹರಿಹರೇಶ್ವರನ ದರ್ಶನ ಮುಗಿಸಿಯೇ ಹೋಗೋಣವೆಂದೆ. ಅವರು ತಲೆಯಾಡಿಸಿ, “ಇವತ್ತು ಬ್ಯಾಡ ಶರಣ್ರೇ. ಏನ್ ಮುಖ ಇಟ್ಕೊಂಡು ನಿಲ್ಲಲಿ?” ಎಂದರು.

ರುದ್ರಮುನಿ ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಗಡಿಯಾರ ಬಿಚ್ಚುತ್ತಿದ್ದನು. ನಮ್ಮನ್ನು ಕಂಡು ಎದ್ದು, “ಬರ್ರಿ ಮಾವ, ಕೂಡ್ರಿ. ಶರಣ್ರೇ, ಬರ್ರಿ,” ಎಂದು ಸ್ಟೂಲುಗಳನ್ನು ಎಳೆದನು.

“ಮೂವತ್ತೆರಡನೇ ನಂಬರ್ ಎಲ್ಲೈತೆ?”

“ಅದಾ? ಹೋತಲ್ಲ ಮಾವ. ಹಿಂದೆ ಕೇಳಿದ್ದೋನು ಒಲ್ಲೆ ಅಂದ, ಮೇಲಾಗಿ ಮೋಸ ಅಂತ ಬೈದು ಬರೆದ. ಪುಣೆಯೋನೊಬ್ಬ ದಿನಾ ಕೇಳ್ತಿದ್ದ, ಕಳಿಸಿಬಿಟ್ಟೆ.”

“ವಾಪಸ್ ತರಿಸು. ಆ ಗಿರಾಕಿ ನಮ್ಮ ಕೆಂಚಣ್ಣನೋ, ಕಣ್ಣಿಲ್ಲದೋನು.”

ಮಾವನ ಧ್ವನಿ ಕೇಳಿ ರುದ್ರಮುನಿ ಮಸೂರ ತೆಗೆದನು. ನಮ್ಮ ಎದುರಿಗೇ ಪುಣೆಯ ವ್ಯಾಪಾರಿಗೆ ಫೋನು ಮಾಡಿದನು. ಅದು ಆಗಲೇ ಹೊರದೇಶದ ಸಂಗ್ರಹಕಾರರೊಬ್ಬರಿಗೆ ಹೋಗಿದೆಯೆಂದೂ, ಅಂಥದು ಇನ್ನೊಂದು ಸಿಕ್ಕರೆ ತನಗೇ ತಿಳಿಸಬೇಕೆಂದೂ ಆ ಮನುಷ್ಯ ವಿನಯದಿಂದ ಹೇಳಿದನು. ಮುಟ್ಟಿ ನೋಡಲೆಂದು ಮಾಡಿದ ಗಡಿಯಾರ, ಯಾರೂ ಮುಟ್ಟದ ಗಾಜಿನ ಕಪಾಟಿಗೆ ಸೇರಿತ್ತು.

“ಯಾರು ತಂದು ಕೊಟ್ಟಿದ್ರೋ ಅದನ್ನ? ಗಂಡ ಸತ್ತೋಳಾ?” ಎಂದರು ಉಜ್ಜನಪ್ಪನವರು.

ರುದ್ರಮುನಿ ಮಸೂರವನ್ನು ಒರೆಸುತ್ತ, “ಗುಜರಿಯಾಗೆ ಸಿಕ್ಕಿದ್ದು ಮಾವ,” ಎಂದನು. “ಹಂಗಂತ ಎಲ್ಲಾನೂ ಅಲ್ಲ. ಕೆಲವು ಕಷ್ಟದೋರು ಕೊಟ್ಟಿದ್ದೇ. ಈಗ ನನ್ನೊಬ್ಬನ್ನೇ ನೋಡಬ್ಯಾಡ್ರಿ. ಪೇಟ್ಯಾಗೆ ನೀವು ಮಾಡಿದ್ದು ಪುಣ್ಯ, ನಾ ಮಾಡಿದ್ದು ಪಾಪನಾ?”

“ಪೇಟ್ಯಾಗೆ ಕಾಗೆ ಎಲ್ಲರಿಗೂ ಕಾಣ್ತಿತ್ತೋ,” ಎಂದರು ಉಜ್ಜನಪ್ಪನವರು. ಮುಂದೆ ಏನೋ ಹೇಳಹೊರಟು ನಿಲ್ಲಿಸಿದರು. “ನಿನ್ನನ್ನ ಬಯ್ಯೋಕೆ ನನಗೆ ಬಾಯಿಲ್ಲ. ನೀನು ನಂಬರ್ ಕೊಟ್ಟೆ. ನೋಡದೇ ಇದ್ದೋನು ನಾನು.”

ರುದ್ರಮುನಿ ಕೆಟ್ಟವನಲ್ಲ. ಬಸ್ಸಿನವರೆಗೆ ಬಂದು, “ಆ ಅಜ್ಜನಿಗೆ ಬೇರೆ ಏನಾದ್ರೂ ನೋಡಿ ಕೊಡ್ತೀನಿ ಮಾವ, ಪುಕ್ಕಟೆ,” ಎಂದನು. ಪುಕ್ಕಟೆ ಎಂಬ ಮಾತಿಗೆ ಉಜ್ಜನಪ್ಪನವರು ಕೈ ಅಡ್ಡ ಹಿಡಿದರು.

ಅಂದು ಸಂಜೆಯೇ ನಾವು ಕೆಂಚವೀರಪ್ಪನವರ ಮನೆಗೆ ಹೋದೆವು. ಅವರು ಪಡಸಾಲೆಯಲ್ಲಿ ಕುರ್ಚಿಯೊಂದನ್ನು ಮುಂದಿಟ್ಟುಕೊಂಡು ಬೆತ್ತ ನೇಯುತ್ತಿದ್ದರು. ಉಜ್ಜನಪ್ಪನವರು ಎದುರಿಗೆ ನೆಲದ ಮೇಲೆ ಕುಳಿತು, ಸುತ್ತುಬಳಸಿಲ್ಲದೆ ಹೇಳಿಬಿಟ್ಟರು:

“ಕೆಂಚಣ್ಣ, ಆ ಕಳ್ಳ ಕೂಗು ನಂದೇ.”

ಬೆತ್ತದ ಮೇಲಿನ ಕೈ ನಿಂತಿತು. ಒಳಬಾಗಿಲಲ್ಲಿ ನಿಂತ ಚೈತ್ರಾ ಬಾಯಿ ಮುಚ್ಚಿಕೊಂಡಳು. ಅಳಿಯನ ಅಂಗಡಿ, ನಂಬರು, ಕಾಗೆ, ಎಲ್ಲವನ್ನೂ ಉಜ್ಜನಪ್ಪನವರು ಹೇಳಿದರು. ನೀನೆಂದು ಗೊತ್ತಿರಲಿಲ್ಲವೆಂದು ಮತ್ತೆ ಮತ್ತೆ ಹೇಳಿದರು. ಕೆಂಚವೀರಪ್ಪನವರು ತಲೆ ಓರೆ ಮಾಡಿಕೊಂಡು ಕೇಳುತ್ತಿದ್ದರು. ಕೊನೆಗೆ ಬೆತ್ತವನ್ನು ಪಕ್ಕಕ್ಕಿಟ್ಟರು.

“ಕೂಗು,” ಎಂದರು.

“ಏನು?”

“ಅವತ್ತು ಬೆರಳಾಗೆ ಕೂಗಿದ್ಯಲ್ಲ, ಈಗ ಬಾಯಾಗೆ ಕೂಗು. ನಾ ಸಾವಿರ ಅಂತೀನಿ. ಮೊದಲನೇದು ಅಷ್ಟೇ ಇತ್ತು. ಏರಿಸು.”

“ಬ್ಯಾಡ ಕೆಂಚಣ್ಣ.”

“ಏರಿಸಪ್ಪ. ಶರಣ್ರು ಸಾಕ್ಷಿ ಅದಾರೆ. ಸಾವಿರ! ಕಣ್ಣಿಲ್ಲದ ಕೆಂಚವೀರಂದು ಸಾವಿರ!”

ಉಜ್ಜನಪ್ಪನವರು ಬಾಯಿ ತೆರೆದರು. ಇಡೀ ಅಂಗಳವನ್ನು ತುಂಬುತ್ತಿದ್ದ ಕಂಠ ಅದು. ಎದುರಿಗೆ ಕೆಂಚವೀರಪ್ಪನವರ ಮುಖವಿತ್ತು. ಕೂಗು ಎತ್ತಲಿಂದ ಬರುವುದೋ ಎಂದು ಕಾಯುತ್ತ, ತುಸು ಮೇಲಕ್ಕೆತ್ತಿದ ಮುಖ. ನಿಂತುಹೋದ ಗಡಿಯಾರ ಇನ್ನೂ ಅವರ ಮಣಿಕಟ್ಟಿನಲ್ಲಿತ್ತು. ಉಜ್ಜನಪ್ಪನವರ ಗಂಟಲಿನಿಂದ ಏನೂ ಹೊರಡಲಿಲ್ಲ. ಎರಡನೆಯ ಸಾರಿ ಪ್ರಯತ್ನಿಸಿದರು. ಬಳಿಕ ಹೆಗಲ ಮೇಲಿನ ವಲ್ಲಿಯನ್ನು ಬಾಯಿಗೆ ಒತ್ತಿಕೊಂಡರು.

ಕೆಂಚವೀರಪ್ಪನವರು ಕಾದು, ಮೆಲ್ಲಗೆ ಹೇಳಿದರು: “ಬಾಯಾಗೆ ಆಗ್ಲಿಲ್ಲ ನೋಡು. ಬೆರಳಾಗೆ ಹೆಂಗಾತೋ ತಮ್ಮ?”

ಉಜ್ಜನಪ್ಪನವರು ವಲ್ಲಿಯಿಂದ ಮುಖ ಒರೆಸಿಕೊಂಡರು.

“ನಿನ್ನ ಧ್ವನಿ ಒಂದು ಸಾರಿ ಕೇಳಿಸಿದ್ರೆ ಸಾಕಿತ್ತು,” ಎಂದರು ಕೆಂಚವೀರಪ್ಪನವರು ಮತ್ತೆ. “ಅಲ್ಲೇ ನಗ್ತಿದ್ದೆ. ‘ಲೇ ಉಜ್ಜಪ್ಪ, ನಿನ್ನ ಕಾಗೆ ಹಾರಿಸೋ’ ಅಂತಿದ್ದೆ. ಅಲ್ಲಿ ನೀನೂ ಇರಲಿಲ್ಲ, ನಾನೂ ಇರಲಿಲ್ಲ.”

“ಬೇರೆ ಹುಡುಕಿ ತರ್ತೀನಿ ಕೆಂಚಣ್ಣ. ಬೆಂಗಳೂರಾಗ್ಲಿ, ಮುಂಬೈ ಆಗ್ಲಿ.”

“ಬ್ಯಾಡ. ತಂದ್ರೆ ಅದು ನೀನು ದಂಡ ಕಟ್ಟಿದ್ದಾಗ್ತದೆ. ದಂಡದ ಗಡಿಯಾರ ಕಟ್ಕೊಂಡು ಜಪ ಮಾಡ್ಲಾ? ನನಗೆ ಸಿಟ್ಟಿಲ್ಲ ತಮ್ಮ. ನಿಜವಾಗ್ಲೂ ಇಲ್ಲ. ಚೈತ್ರಾ, ಚಾ ಮಾಡವ್ವ.”

ಚಹ ಕುಡಿದೆವು. ಓಣಿಗೆ ಬಂದ ಮೇಲೆ ಉಜ್ಜನಪ್ಪನವರು, “ಬೈದಿದ್ರೆ ಚಲೋ ಇತ್ತು ಶರಣ್ರೇ. ಬೈದಿದ್ರೆ ಹೊತ್ಕೊಂಡು ಹೋಗ್ತಿದ್ದೆ,” ಎಂದರು.

ಆ ವಾರವೇ ಅವರು ಹರಾಜು ತಾಣದವರಿಗೆ, ತಾವು ಅಳಿಯನ ಪರವಾಗಿ ಸುಳ್ಳು ಕೂಗು ಹಾಕಿದ್ದಾಗಿ, ಚೈತ್ರಾಳ ಕೈಯಿಂದಲೇ ಬರೆಸಿ ಕಳುಹಿಸಿದರು. ತಾಣದವರು ಮಾವ, ಅಳಿಯ ಇಬ್ಬರ ಖಾತೆಗಳನ್ನೂ ಮುಚ್ಚಿದರು. ಮಗನ ವ್ಯಾಪಾರ ಕೆಟ್ಟಿತೆಂದು ತಂಗಿ ಮಾತು ಬಿಟ್ಟಳು. ಹಳೆಯ ಖರೀದಿದಾರರು ಎದುರಾದಾಗ, “ಏನ್ ಉಜ್ಜಣ್ಣ, ಕಾಗೆ ಹೆಂಗೈತೆ?” ಎಂದು ಹಿಂದಿನಂತೆಯೇ ಪ್ರೀತಿಯಿಂದ ಕೇಳುತ್ತಾರೆ, ಅವರು ತಲೆ ತಗ್ಗಿಸಿ ಮುಂದೆ ಹೋಗುತ್ತಾರೆ.

ಬಂಧುಗಳೇ, ತಪ್ಪನ್ನು ಒಪ್ಪಿಕೊಂಡವನನ್ನು ಭಗವಂತನು ಎತ್ತಿಕೊಳ್ಳುತ್ತಾನೆಂದು ನಾನು ನಂಬುತ್ತೇನೆ. ನಂಬಿದ್ದನ್ನೇ ಪೀಠದಿಂದ ಸಾರುತ್ತೇನೆ. ಆದರೆ ಭಗವಂತನು ಎತ್ತಿಕೊಂಡ ಮೇಲೂ ಮನುಷ್ಯನು ಗೆಳೆಯನ ಪಕ್ಕದಲ್ಲಿ ಕುಳಿತುಕೊಳ್ಳಬೇಕಲ್ಲ, ಆ ಕುಳಿತುಕೊಳ್ಳುವುದು ಎಷ್ಟು ಕಷ್ಟವೆಂಬುದನ್ನು ನಾನು ಈಗ ಪ್ರತಿ ಸೋಮವಾರ ಕಾಣುತ್ತಿದ್ದೇನೆ. ಉಜ್ಜನಪ್ಪನವರು ತಪ್ಪದೆ ಬರುತ್ತಾರೆ. ಕೆಂಚವೀರಪ್ಪನವರ ಹತ್ತಿರ ಬಂದಾಗ ನಿಂತು, ತಗ್ಗಿದ ದನಿಯಲ್ಲಿ, “ನಾನು, ಉಜ್ಜನಪ್ಪ,” ಎಂದು ಹೆಸರು ಹೇಳುತ್ತಾರೆ, ಹೊಸಬರು ಹೇಳುವಂತೆ.

ಮೊದಮೊದಲು ಕೆಂಚವೀರಪ್ಪನವರು, “ಗೊತ್ತಪ್ಪ, ಗೊತ್ತು. ನಿನ್ನ ಹೆಸರು ನನಗೆ ಹೇಳ್ತೀಯೇನೋ?” ಎಂದು ನಗುತ್ತಿದ್ದರು. ಈಚೆಗೆ ಹಾಗೆನ್ನುವುದಿಲ್ಲ. ಹೆಸರು ಕೇಳಿಸಿಕೊಂಡು, ಚಾಪೆಯ ಮೇಲೆ ಸ್ವಲ್ಪ ಸರಿದು ಜಾಗ ಮಾಡಿಕೊಡುತ್ತಾರೆ.